ಮನೆ ಎತ್ತಿದ ಮೇಲೆ ಕೆಳಗಿನ ಜಾಗ ಯಾರದ್ದು?

ನಮಸ್ಕಾರ. ತೆರೆಯ ಮೇಲೆ ನಿಮಗೀಗ ಕಾಣುತ್ತಿರುವುದು ನೆರೆ ನೀರಿನಿಂದ ಪಾರಾಗಲು ಮೇಲೆತ್ತುತ್ತಿರುವ ಒಂದು ಇಟ್ಟಿಗೆ ಮನೆಯ ಬುಡ. ಗೋಡೆಯ ತಳದಲ್ಲಿ ಅಲ್ಲಲ್ಲಿ ಕಿಂಡಿ ಕೊರೆದು, ಉಕ್ಕಿನ ತೊಲೆಗಳನ್ನು ತೂರಿಸಿ, ಅವುಗಳ ಕೆಳಗೆ ಸಾಲಾಗಿ ಜಾಕ್‌ಗಳನ್ನು ಇರಿಸಿದ್ದಾರೆ. ಪ್ರತಿ ಮೂಲೆಯಲ್ಲೂ ಸೀಮೆಸುಣ್ಣದಿಂದ ಎಳೆದಿರುವ ಗೆರೆಯನ್ನು ಗಮನಿಸಿ. ಜಾಕ್‌ಗಳು ಸ್ವಲ್ಪ ಏರಿದಾಗಲೆಲ್ಲ ಮೇಸ್ತ್ರಿ ಆ ಗೆರೆಗಳನ್ನು ಅಳೆಯುತ್ತಾರೆ, ತಲೆಯಾಡಿಸುತ್ತಾರೆ, ಆಮೇಲೆ ಎಡೆಯಲ್ಲಿ ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಅಡ್ಡಡ್ಡವಾಗಿ ಜೋಡಿಸಿ ಭಾರವನ್ನು ಅವುಗಳಿಗೆ ದಾಟಿಸುತ್ತಾರೆ. ಒಂದು ಮೂಲೆ ಉಳಿದವುಗಳಿಗಿಂತ ಮುಂದೆ ಹೋದರೆ ಕಿಟಕಿಯ ಅಂಚಿನಿಂದ ಗೋಡೆಯುದ್ದಕ್ಕೂ ಓರೆಯಾಗಿ ಬಿರುಕು ಹೊರಡುತ್ತದೆ. ಆದ್ದರಿಂದಲೇ ಇಲ್ಲಿ ಅವಸರವೆಂಬುದಿಲ್ಲ.

ನೋಡುವವರಿಗೆ ಇದು ಪವಾಡದಂತೆ ಕಂಡರೂ, ನನ್ನ ಅಭಿಪ್ರಾಯದಲ್ಲಿ ಮನೆ ಎತ್ತುವ ಕೆಲಸದಲ್ಲಿ ಎತ್ತುವುದೇ ಕಡಿಮೆ ಕಷ್ಟದ ಭಾಗ. ಈ ವಿದ್ಯೆಗೆ ನೂರು ವರ್ಷ ಮೀರಿದ ಅನುಭವವಿದೆ. 1900ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಟೆಕ್ಸಾಸ್ ಕರಾವಳಿಯ ಗ್ಯಾಲ್ವೆಸ್ಟನ್ ನಗರಕ್ಕೆ ಅಪ್ಪಳಿಸಿದ ಚಂಡಮಾರುತ ಕನಿಷ್ಠ 6,000 ಜನರನ್ನು ಬಲಿ ತೆಗೆದುಕೊಂಡಿತು. ಬಳಿಕ ಆ ನಗರದವರು ಕಡಲಿಗೆ ತಡೆಗೋಡೆ ಕಟ್ಟಿ ಸುಮ್ಮನಾಗಲಿಲ್ಲ. 2,000ಕ್ಕೂ ಹೆಚ್ಚು ಕಟ್ಟಡಗಳನ್ನು ಎತ್ತಿ, ಅವುಗಳ ಅಡಿಗೆ ಮರಳು ಬೆರೆತ ನೀರನ್ನು ಪಂಪ್ ಮಾಡಿ, ನೀರು ಬಸಿದ ಮೇಲೆ ಉಳಿದ ಮರಳಿನಿಂದ ಇಡೀ ನೆಲದ ಮಟ್ಟವನ್ನೇ ಏರಿಸಿದರು. ಸುಮಾರು 3,000 ಟನ್ ತೂಕದ ಸೇಂಟ್ ಪ್ಯಾಟ್ರಿಕ್ ಚರ್ಚನ್ನು 700 ಸ್ಕ್ರೂ ಜಾಕ್‌ಗಳ ನೆರವಿನಿಂದ 5 ಅಡಿ ಮೇಲಕ್ಕೆ ತಂದರು. ಇಂದು ಎಲ್ಲ ಹೈಡ್ರಾಲಿಕ್ ಜಾಕ್‌ಗಳನ್ನೂ ಒಂದೇ ಯಂತ್ರಕ್ಕೆ ಜೋಡಿಸಿ, ಯಾವುದರ ಮೇಲೆ ಎಷ್ಟೇ ಭಾರವಿದ್ದರೂ ಸಮನಾಗಿ ಏರುವಂತೆ ಮಾಡಬಹುದು.

ಆದರೆ ಗ್ಯಾಲ್ವೆಸ್ಟನ್‌ನವರು ಅಡಿಗೆ ಮಣ್ಣು ತುಂಬಿದ್ದು ಊರಿಗೆ ಊರೇ ಒಟ್ಟಾಗಿ ಏರಿದ್ದರಿಂದ. ನದಿಯ ಬಯಲಿನಲ್ಲಿ ಒಬ್ಬರೇ ತಮ್ಮ ನಿವೇಶನಕ್ಕೆ ಮಣ್ಣು ತುಂಬಿ ಎತ್ತರಿಸಿಕೊಂಡರೆ, ಅಲ್ಲಿ ನಿಲ್ಲಬೇಕಿದ್ದ ನೀರು ಪಕ್ಕದ ಮನೆಯ ಹಾದಿ ಹಿಡಿಯುತ್ತದೆ. ಆದ್ದರಿಂದ ಒಂಟಿ ಮನೆಯನ್ನು ಕಂಬಗಳ ಮೇಲೆ ನಿಲ್ಲಿಸಿ, ಕೆಳಗಿನ ಜಾಗವನ್ನು ನೀರಿಗೆ ಬಿಟ್ಟುಕೊಡುವುದೇ ಸರಿಯಾದ ಕ್ರಮ.

ಬಿಟ್ಟುಕೊಡುವುದು ಎಂದರೆ ನಿಜಕ್ಕೂ ಬಿಟ್ಟುಕೊಡುವುದು. ಎತ್ತಿದ ಒಂದೆರಡು ವರ್ಷ ಆ ಜಾಗ ಖಾಲಿ ಇರುತ್ತದೆ; ಆಮೇಲೆ ಸುತ್ತ ಗೋಡೆ ಬರುತ್ತದೆ, ಒಂದು ಕೋಣೆಯಾಗುತ್ತದೆ, ಅದಕ್ಕೆ ಹಾಸಿಗೆ, ಫ್ರಿಜ್ಜು, ವಿದ್ಯುತ್ ಸಂಪರ್ಕ ಎಲ್ಲವೂ ಬರುತ್ತವೆ. ಗೋಡೆಯ ಹೊರಗೆ 1 ಮೀಟರ್ ನೀರು ನಿಂತರೆ, ಗೋಡೆಯ ಪ್ರತಿ ಮೀಟರ್ ಅಗಲದ ಮೇಲೆ ಸುಮಾರು 500 ಕಿಲೋ ಭಾರದಷ್ಟು ಒತ್ತಡ ಬೀಳುತ್ತದೆ. ನೀರು 2 ಮೀಟರಿಗೆ ಏರಿದರೆ ಒತ್ತಡ ಇಮ್ಮಡಿಯಲ್ಲ, ನಾಲ್ಕು ಪಟ್ಟು, ಅಂದರೆ ಸುಮಾರು 2,000 ಕಿಲೋ. ಒಳಗೂ ಅಷ್ಟೇ ನೀರಿದ್ದರೆ ಎರಡು ಕಡೆಯ ಒತ್ತಡ ಸರಿದೂಗುತ್ತದೆ. ಬಾಗಿಲು ಭದ್ರಪಡಿಸಿ ನೀರನ್ನು ಹೊರಗೇ ತಡೆದರೆ ಗೋಡೆ ಕುಸಿಯುವ ಅಪಾಯವಿದೆ, ಕುಸಿಯುವಾಗ ಅದು ಮನೆಯನ್ನು ಹೊತ್ತ ಕಂಬಕ್ಕೂ ಪೆಟ್ಟು ಕೊಡಬಹುದು. ಈ ಕಾರಣಕ್ಕೇ ಅಮೆರಿಕದ ಪ್ರವಾಹ ವಿಮೆಯ ನಿಯಮಗಳು ಕೆಳಗಿನ ಮುಚ್ಚಿದ ಜಾಗವನ್ನು ವಾಹನ ನಿಲುಗಡೆ, ಓಡಾಟ ಮತ್ತು ಸಾಮಾನು ಇಡುವುದಕ್ಕಷ್ಟೇ ಸೀಮಿತಗೊಳಿಸಿವೆ. ನೀರು ಒಳಹೊರಗೆ ಹರಿದಾಡಲು, ಸಾಮಾನ್ಯ ಲೆಕ್ಕದಲ್ಲಿ ಅಲ್ಲಿನ ಪ್ರತಿ ಚದರ ಅಡಿಗೆ 1 ಚದರ ಇಂಚಿನಷ್ಟು ತೆರಪು ಗೋಡೆಯಲ್ಲಿ ಬೇಕು, ಕನಿಷ್ಠ 2 ತೆರಪುಗಳಿರಬೇಕು, ಅವುಗಳ ಕೆಳ ಅಂಚು ನೆಲದಿಂದ 1 ಅಡಿಗಿಂತ ಮೇಲಿರಬಾರದು. ದುಡ್ಡು ಸುರಿದು ಮೇಲೆತ್ತಿದ ಮನೆಯ ಅಡಿಯಲ್ಲೇ ಮತ್ತೊಂದು ಮನೆ ಕಟ್ಟಿಕೊಂಡರೆ, ಎತ್ತಿ ಬಂದ ಭಾಗ್ಯವೇನು ಎಂದು ಕೇಳಬೇಕಾಗುತ್ತದೆ.

ಎಷ್ಟು ಎತ್ತಬೇಕೆಂಬುದು ಇನ್ನೊಂದು ತಕರಾರಿನ ವಿಷಯ. ಕಳೆದ ಸಲ ಬಂದ ನೀರಿನ ಕಲೆಯನ್ನು ಗೋಡೆಯ ಮೇಲೆ ತೋರಿಸಿ, ಅದಕ್ಕಿಂತ ಒಂದು ಗೇಣು ಮೇಲಿದ್ದರೆ ಸಾಕು ಎನ್ನುವವರೇ ಹೆಚ್ಚು. ಆ ಕಲೆ ಒಂದು ನೆರೆಯ ಗುರುತೇ ಹೊರತು ಮುಂದಿನ ನೆರೆಯ ಮಿತಿಯಲ್ಲ. 100 ವರ್ಷದ ಪ್ರವಾಹ ಎಂಬ ಮಾತು ಕೇಳಿದವರು, ಒಮ್ಮೆ ಬಂದರೆ ಇನ್ನು ನೂರು ವರ್ಷ ನಿಶ್ಚಿಂತೆ ಎಂದುಕೊಳ್ಳುತ್ತಾರೆ. ಅದು ಯಾವುದೇ ಒಂದು ವರ್ಷದಲ್ಲಿ ಬರುವ ಸಾಧ್ಯತೆ ಶೇಕಡ 1 ಎಂದಷ್ಟೇ ಅದರ ಲೆಕ್ಕ. 30 ವರ್ಷ ಅದೇ ಮನೆಯಲ್ಲಿ ಬಾಳಿದರೆ ಒಮ್ಮೆಯಾದರೂ ಅದನ್ನು ಕಾಣುವ ಸಾಧ್ಯತೆ ಸುಮಾರು ಶೇಕಡ 26. ಹೀಗಾಗಿ ಲೆಕ್ಕ ಹಾಕಿದ ನೆರೆಮಟ್ಟದ ಮೇಲೆ ಇನ್ನೂ 1ರಿಂದ 3 ಅಡಿ ಕಾಯ್ದಿಡುವುದು ರೂಢಿ. ಅಲೆ ಅಪ್ಪಳಿಸುವ ಕಡಲತೀರದಲ್ಲಿ ಅಳತೆ ನಿಲ್ಲಬೇಕಾದದ್ದು ನೆಲಹಾಸಿನ ಮೇಲ್ಮೈಯಲ್ಲಲ್ಲ, ಅದನ್ನು ಹೊತ್ತ ತೊಲೆಯ ಕೆಳ ಅಂಚಿನಲ್ಲಿ. ಹೊರಗೆ ನೆಲದ ಮೇಲೆ ಕುಳಿತಿರುವ ಏಸಿ ಯಂತ್ರ, ವಿದ್ಯುತ್ ಮೀಟರು, ನೀರಿನ ಪಂಪುಗಳೂ ಅದೇ ಮಟ್ಟಕ್ಕೆ ಏರಬೇಕು.

ಎತ್ತರಕ್ಕೂ ಅದರದೇ ಬೆಲೆಯಿದೆ. ಮೇಲೇರಿದ ಮನೆಗೆ ಗಾಳಿ ಹೆಚ್ಚು ತಾಗುತ್ತದೆ; ಭೂಕಂಪದ ಭಯವಿರುವಲ್ಲಿ ಮೇಲೆ ಭಾರ, ಕೆಳಗೆ ಬರಿಯ ಕಂಬಗಳು ಎಂಬ ರಚನೆ ಅಪಾಯಕಾರಿಯಾದ್ದರಿಂದ ಕಂಬಗಳ ನಡುವೆ ಅಡ್ಡಬಂಧಗಳು ಬೇಕೇ ಬೇಕು. ಹರಿಯುವ ನೀರು ಕಂಬದ ಬುಡದ ಮಣ್ಣನ್ನು ಕೆರೆದು ಹೊಂಡ ಮಾಡುತ್ತದೆ, ಹಾಗಾಗಿ ಅಡಿಪಾಯ ಆ ಹೊಂಡಕ್ಕಿಂತ ಆಳಕ್ಕೆ ಇಳಿದಿರಬೇಕು. ನೀರು ರಭಸವಾಗಿ ನುಗ್ಗುವ ಹಾದಿಯಲ್ಲೇ ಇರುವ ಮನೆಯನ್ನು ಎತ್ತುವುದಕ್ಕಿಂತ ಆ ಜಾಗ ಬಿಟ್ಟು ಹೋಗುವುದೇ ಮೇಲು ಎಂದು ನಾನು ನೇರವಾಗಿಯೇ ಹೇಳುತ್ತೇನೆ. ಎತ್ತಿದ ಮನೆಯಲ್ಲೂ ಎಚ್ಚರಿಕೆ ಬಂದ ದಿನ ಮೊದಲೇ ಹೊರಡಬೇಕು, ಏಕೆಂದರೆ ಮನೆ ಒಣಗಿದ್ದರೂ ಸುತ್ತಲಿನ ದಾರಿ ಮುಳುಗಿರುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದರೆ, ಅಷ್ಟು ಮೆಟ್ಟಿಲುಗಳನ್ನು ಅವರು ಹೇಗೆ ಹತ್ತಿಳಿಯುತ್ತಾರೆ ಎಂಬುದನ್ನು ಜಾಕ್ ತರಿಸುವ ಮುನ್ನ ಎಂಜಿನಿಯರ್ ಜೊತೆ ಕುಳಿತು ನಕಾಶೆಯಲ್ಲೇ ತೀರ್ಮಾನಿಸಿಕೊಳ್ಳಿ.