ತುಕ್ಕು ಉಜ್ಜುವ ಮುನ್ನ

ಕೇಳುಗರೇ, ನಮಸ್ಕಾರ.

ತುಕ್ಕು ಹಿಡಿದ ಎಂಜಿನ್ ಭಾಗ ಮೇಜಿನ ಮೇಲೆ ಬಂದ ಕೂಡಲೇ ಕೈ ಹೋಗುವುದು ಎಲ್ಲಕ್ಕಿಂತ ಒರಟಾದ ಎಮರಿ ಕಾಗದದ ಕಡೆಗೆ. ದಯವಿಟ್ಟು ಒಂದು ನಿಮಿಷ ತಡೆಯಿರಿ. ಈ ಮೈಯ ಮೇಲೆ ಇನ್ನೊಂದು ಭಾಗ ಜಾರುತ್ತದೆಯೇ, ಒತ್ತಿ ಕೂರುತ್ತದೆಯೇ, ಅಥವಾ ಇದು ಬರೀ ಹೊರಮೈಯೇ? ಅದನ್ನು ನೋಡಿಕೊಂಡು ಕಾಗದ ಆರಿಸಬೇಕು.

ಬರೀ ಹೊರಮೈಯಾದರೆ ತಂತಿ ಬ್ರಷ್, ಆಮೇಲೆ 80ರ ಕಾಗದ ಸಾಕು. ಕಾಗದದ ಹಿಂದೆ ಬರೆದಿರುವ ಈ ಸಂಖ್ಯೆ ಚಿಕ್ಕದಾದಷ್ಟು ಕಾಗದ ಒರಟು, ದೊಡ್ಡದಾದಷ್ಟು ನಯ. ಬಣ್ಣ ಬಳಿಯುವುದಿದ್ದರೆ ಆ ಒರಟುತನವೇ ಬಣ್ಣಕ್ಕೆ ಹಿಡಿತ ಕೊಡುತ್ತದೆ.

ಎಂಜಿನ್ನಿನೊಳಗೆ ತಿರುಗುವ ಮುಖ್ಯ ದಂಡವಾದ ಕ್ರ್ಯಾಂಕ್ ಶಾಫ್ಟಿನಲ್ಲಿ ಬೇರಿಂಗ್ ಕೂರುವ ಜಾಗದ ಮಾತೇ ಬೇರೆ. ಮಿಲಿಮೀಟರನ್ನು ನೂರು ಪಾಲು ಮಾಡಿದರೆ ಅದರಲ್ಲಿ ಕೆಲವೇ ಪಾಲಿನಷ್ಟು ಸಂದು ಅಲ್ಲಿರುತ್ತದೆ. ಎಣ್ಣೆಯ ತೆಳು ಪದರ ನಿಲ್ಲುವುದು ಆ ಸಂದಿನಲ್ಲಿ. 80ರ ಕಾಗದದ ಗೀರು ಬಿದ್ದರೆ ಅದು ಮೆದುವಾದ ಬೇರಿಂಗನ್ನು ಅರದಂತೆ ಕೆರೆಯುತ್ತದೆ. ಇಲ್ಲಿ 400, ಮುಗಿಸಲು 600. ಕಾಗದವನ್ನು ಪಟ್ಟಿಯಾಗಿ ಕತ್ತರಿಸಿ, ಎಣ್ಣೆ ಹಚ್ಚಿ, ಶಾಫ್ಟಿಗೆ ಸುತ್ತಿ ಸುತ್ತಲೂ ಹಗುರವಾಗಿ ಎಳೆಯಿರಿ, ಉದ್ದಕ್ಕೆ ಉಜ್ಜಬೇಡಿ. ಕಲೆ ಹೋಗಿಯೂ ಉಗುರಿಗೆ ಗುಳಿ ತಾಕುತ್ತಿದ್ದರೆ ಅಲ್ಲಿಗೆ ನಿಲ್ಲಿಸಿ. ಅದು ಗ್ರೈಂಡಿಂಗ್ ಯಂತ್ರದ ಕೆಲಸ.

ಎರಡು ಭಾಗಗಳ ನಡುವೆ ಸೋರದಂತೆ ಇಡುವ ಹಾಳೆ, ಅಂದರೆ ಗ್ಯಾಸ್ಕೆಟ್, ಕೂರುವ ಮೈಯನ್ನು ಕಾಗದ ಹಿಡಿದ ಬೆರಳಿಂದ ಉಜ್ಜಿದರೆ ಅಲ್ಲಲ್ಲಿ ತಗ್ಗಾಗುತ್ತದೆ. ಕಾಗದವನ್ನು ಚಪ್ಪಟೆ ಪಟ್ಟಿಗೆ ಸುತ್ತಿ ಉಜ್ಜಿರಿ.

ನನಗೆ ಎಲ್ಲಕ್ಕಿಂತ ಹೆಚ್ಚು ಆತಂಕ ತರುವುದು ಉಜ್ಜಿದ ಮೇಲೆ ಉಳಿಯುವ ಹುಡಿ. ಎಮರಿ ಕಾಗದದಲ್ಲಿರುವ ಅಲ್ಯುಮಿನಿಯಂ ಆಕ್ಸೈಡ್ ಹರಳು ಉಕ್ಕಿಗಿಂತಲೂ ಗಡುಸು. ನೈಲಾನ್ ನಾರಿನ ಉಜ್ಜುವ ಪ್ಯಾಡ್ ಮೃದುವಾಗಿ ಕಂಡರೂ ಬಹುತೇಕ ಪ್ಯಾಡ್‌ಗಳಲ್ಲಿ ಇರುವುದು ಅದೇ ಹರಳು. ತೆರೆದ ಎಂಜಿನ್ ಬ್ಲಾಕಿನ ಮೇಲೆ ಆ ಪ್ಯಾಡನ್ನು ಓಡಿಸಿದರೆ ಉದುರಿದ ಹರಳು ಎಣ್ಣೆಯ ಜೊತೆ ಬೇರಿಂಗ್ ಸೇರಿ, ತುಕ್ಕು ಮಾಡದ ಹಾನಿಯನ್ನು ಮಾಡುತ್ತದೆ. ಹಾಗಾಗಿ ಎಣ್ಣೆಯ ರಂಧ್ರಗಳನ್ನು ಮೊದಲೇ ಮುಚ್ಚಿರಿ.

ಸಿಲಿಂಡರಿನ ಒಳಮೈಯನ್ನು ಉಜ್ಜಿದ ಮೇಲೆ ಸೀಮೆಎಣ್ಣೆಯಲ್ಲಿ ಒರೆಸಿ ಸುಮ್ಮನಾಗುವವರಿದ್ದಾರೆ. ಅದರಿಂದ ಗೀರುಗಳೊಳಗೆ ಕುಳಿತ ಹುಡಿ ಪೂರ್ತಿ ಏಳುವುದಿಲ್ಲ. ಬಿಸಿನೀರು, ಸೋಪು, ಗಟ್ಟಿ ಬ್ರಷ್ ಬೇಕು. ತೊಳೆದು, ಎಣ್ಣೆ ಹಚ್ಚಿದ ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಬೂದು ಬಣ್ಣ ಹತ್ತಿತೇ? ಮತ್ತೆ ತೊಳೆಯಿರಿ. ಬಟ್ಟೆ ಬಿಳಿಯಾಗಿಯೇ ಉಳಿದಾಗ ತಡಮಾಡದೆ ಎಣ್ಣೆ ಸವರಿಬಿಡಿ. ತೊಳೆದ ಬೆತ್ತಲೆ ಕಬ್ಬಿಣ ಗಾಳಿಯ ತೇವಕ್ಕೆ ಬಲುಬೇಗ ತುಕ್ಕು ಹಿಡಿಯುತ್ತದೆ.

ನಮಸ್ಕಾರ.