ತಿದ್ದಿದ ಲಾಗು, ತಿದ್ದದ ಜಗಳ

ಎಲ್ಲರಿಗೂ ನಮಸ್ಕಾರ. ಮಡ್, ಮಶ್ ಎಂಬ, ಜಾಲದಲ್ಲಿ ಹಲವರು ಸೇರಿ ಬರೀ ಪಠ್ಯದಲ್ಲೇ ಆಡುವ ಆಟಗಳು ಎಂದರೇನು, ಪೋಸ್ (ತನ್ನ ಪಾತ್ರದ ಮಾತು, ನಡೆಯನ್ನು ಬರೆದು ಕಳಿಸುವ ತುಣುಕು) ಹಾಕುವುದು ಹೇಗೆ ಎಂದು ಈ ಸಭೆಗೆ ವಿವರಿಸಬೇಕಾಗಿಲ್ಲ. ಇಲ್ಲಿ ಕೂತವರಲ್ಲಿ ಅರ್ಧದಷ್ಟು ಜನ ಒಂದಲ್ಲ ಒಂದು ಆಟ ನಡೆಸುವ ಸ್ಟಾಫ್ ಆಗಿದ್ದವರು. ಉಳಿದರ್ಧ ಆ ಸ್ಟಾಫಿನ ಮೇಲೆ ದೂರು ಕೊಟ್ಟವರು. ನೇರವಾಗಿ ವಿಷಯಕ್ಕೆ ಬರುತ್ತೇನೆ.

ಪಠ್ಯದಲ್ಲೇ ಪಾತ್ರ ಆಡುವ ಯಾವ ಬಳಗಕ್ಕೆ ಹೋದರೂ ಎರಡು ಮಾತು ಕಿವಿಗೆ ಬೀಳುತ್ತವೆ. ‘ಆ ಕಾಲವೇ ಬೇರೆ ಬಿಡಿ’ ಅನ್ನುವುದು ಒಂದು, ‘ಈಗೇನಿದೆ, ಬರೀ ಕಿತ್ತಾಟ’ ಅನ್ನುವುದು ಇನ್ನೊಂದು. ಎಷ್ಟೋ ಸಲ ಎರಡೂ ಒಂದೇ ಬಾಯಿಂದ, ಒಂದೇ ಉಸಿರಿನಲ್ಲಿ ಬರುತ್ತವೆ. ಹಳಹಳಿಕೆ ಒಂದು ರೋಗ, ಕೊಂಕು ಇನ್ನೊಂದು ರೋಗ ಎಂದು ನಾವು ಬೇರೆ ಬೇರೆ ಮದ್ದು ಹುಡುಕುತ್ತಾ ಬಂದಿದ್ದೇವೆ. ಎರಡರ ಬೇರೂ ಒಂದು ತಪ್ಪು ಅಳತೆಯಲ್ಲಿದೆ ಎಂಬುದು ನನ್ನ ವಾದ. ಹಳೆಯದನ್ನು ನಾವು ತಿದ್ದಿದ ಲಾಗಿನಿಂದ, ಅಂದರೆ ಆಟದ ಬರಹದ ದಾಖಲೆಯಿಂದ, ಅಳೆಯುತ್ತೇವೆ. ಇಂದಿನದನ್ನು ತಿದ್ದದ ಪರದೆಯಿಂದ ಅಳೆಯುತ್ತೇವೆ.

ಲಾಗನ್ನು ಶುಚಿ ಮಾಡುವ ಕ್ರಮ ನೆನಪಿಸಿಕೊಳ್ಳಿ. ಸೀನ್ ಮುಗಿದ ಮೇಲೆ ಒಬ್ಬರು ಕೂತು ಮೊದಲು ಪೇಜುಗಳನ್ನು, ಅಂದರೆ ಒಬ್ಬರಿಗೊಬ್ಬರು ಕಳಿಸಿದ ಖಾಸಗಿ ಸಂದೇಶಗಳನ್ನು, ತೆಗೆಯುತ್ತಾರೆ, ಆಮೇಲೆ ಎಲ್ಲರೂ ಹರಟುವ ಚಾನೆಲ್ಲಿನ ಸಾಲುಗಳನ್ನು. ‘ಇಂಥವರು ಬಂದರು, ಇಂಥವರ ಸಂಪರ್ಕ ಕಡಿಯಿತು’ ಅನ್ನುವ ಸೂಚನೆಗಳು ಹೋಗುತ್ತವೆ. ‘ಊಟಕ್ಕೆ ಕರೀತಿದ್ದಾರೆ, ಹತ್ತು ನಿಮಿಷ’ ಅನ್ನುವ ಪಾತ್ರದ ಹೊರಗಿನ ಮಾತು ಹೋಗುತ್ತದೆ. ಕೊನೆಗೆ ಕಾಗುಣಿತ ತಿದ್ದಿ ಏರಿಸುತ್ತಾರೆ. ಈಗ ಲೆಕ್ಕ ಹಾಕಿ. ಐದು ಜನರ ಸೀನು, ಒಂದು ಪೋಸಿಗೆ ಎಂಟು ನಿಮಿಷ ಎಂದಿಟ್ಟುಕೊಳ್ಳಿ. ಒಂದು ಸುತ್ತಿಗೆ 40 ನಿಮಿಷ. ಮೂರು ಗಂಟೆಯಲ್ಲಿ ನಾಲ್ಕೂವರೆ ಸುತ್ತು, ಅಂದರೆ ಒಟ್ಟು 22 ಪೋಸು. ಪೋಸಿಗೆ ನೂರು ಪದದಂತೆ 2200 ಪದ. ಓದಲು ಹತ್ತು ಹನ್ನೆರಡು ನಿಮಿಷ ಸಾಕು. ಮಿಕ್ಕ ಎರಡು ಮುಕ್ಕಾಲು ಗಂಟೆ ಎಲ್ಲಿ ಹೋಯಿತು? ತನ್ನ ಸರದಿಯ ಬರವಣಿಗೆ ಬಿಟ್ಟರೆ ಮಿಕ್ಕದ್ದೆಲ್ಲ ಕಾಯುವಿಕೆ. ಲಾಗಿನಲ್ಲಿ ಅದಕ್ಕೆ ಜಾಗವಿಲ್ಲ.

ಹತ್ತು ವರ್ಷ ಕಳೆದ ಮೇಲೆ ಆಟಗಾರ ಆ ಸಂಜೆಯನ್ನು ನೆನೆಯುವುದಿಲ್ಲ, ಆ ಲಾಗನ್ನು ನೆನೆಯುತ್ತಾನೆ. ಆಮೇಲೆ ಇವತ್ತಿನ ಸೀನಿಗೆ ಬಂದು ಎಂಟು ನಿಮಿಷ ಖಾಲಿ ಪರದೆ ನೋಡಿ, ‘ಮೊದಲಿನ ಹಾಗಿಲ್ಲ’ ಅನ್ನುತ್ತಾನೆ. ಮೊದಲೂ ಹೀಗೇ ಇತ್ತು! ಟೆರೆನ್ಸ್ ಮಿಚೆಲ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆನಪಾಗುತ್ತದೆ. ಅವರು ನೋಡಿದ ಗುಂಪುಗಳಲ್ಲಿ ಒಂದು ಕ್ಯಾಲಿಫೋರ್ನಿಯಾದಲ್ಲಿ ಮೂರು ವಾರ ಸೈಕಲ್ ಯಾತ್ರೆ ಹೋದವರದು. ಹೋಗುವ ಮೊದಲಿನ ನಿರೀಕ್ಷೆಯೂ ಬಂದ ಮೇಲಿನ ನೆನಪೂ ಯಾತ್ರೆಯ ನಡುವಿನ ಅನುಭವಕ್ಕಿಂತ ಹೊಳಪಾಗಿದ್ದವು. ಅವರಿಗೆ ಆ ಕೆಲಸ ಮಾಡಿಕೊಟ್ಟದ್ದು ಮನಸ್ಸು ಮಾತ್ರ. ನಮ್ಮಲ್ಲಿ ಮನಸ್ಸಿನ ಜೊತೆಗೆ ಒಬ್ಬ ಸಂಪಾದಕನೂ ಸೇರಿಕೊಂಡಿದ್ದಾನೆ.

ಜಗಳದ ಕಥೆ ಉಲ್ಟಾ. ಜಗಳದ ಲಾಗನ್ನು ಯಾರೂ ಶುಚಿ ಮಾಡುವುದಿಲ್ಲ. ಅದು ಸ್ಕ್ರೀನ್‌ಶಾಟ್ ಆಗಿ, ಒಂದಕ್ಷರ ಬಿಡದೆ, ಕಾಗುಣಿತದ ತಪ್ಪೂ ಸೇರಿ, ಕೈಯಿಂದ ಕೈಗೆ ಹೋಗುತ್ತದೆ. ಹಾಗಾಗಿ ಹಳೆಯ ಕಾಲದ ಒಳ್ಳೆಯ ಸೀನುಗಳ ಪಕ್ಕದಲ್ಲಿ ಈ ವಾರದ ಕೆಟ್ಟ ಸಾಲುಗಳು ನಿಲ್ಲುತ್ತವೆ. ಯಾವ ಆಟ ತಾನೇ ಈ ಹೋಲಿಕೆಯಲ್ಲಿ ಗೆದ್ದೀತು?

ಅದಕ್ಕೇ ‘ಆ ಕಾಲವೇ ಬೇರೆ’ ಎಂದು ಯಾರಾದರೂ ಅಂದಾಗ ಅವರ ಬಾಯಿ ಮುಚ್ಚಿಸಬೇಡಿ. ಕೇಳಿ: ಯಾವ ವರ್ಷ, ಯಾವ ಸೀನು, ಎಷ್ಟು ಜನ? ಉತ್ತರ ಬಂದರೆ ಅದು ಚಿನ್ನ. ‘ಆ ಸೀನಿನಲ್ಲಿ ಮೂರೇ ಜನ ಇದ್ದೆವು’ ಎಂದರೆ ನಿಮಗೆ ಮದ್ದು ಸಿಕ್ಕಿತು. ಅದೇ ಎಂಟು ನಿಮಿಷದ ಪೋಸಿಗೆ ಮೂರು ಜನರಾದರೆ ಮೂರು ಗಂಟೆಯಲ್ಲಿ ಪ್ರತಿಯೊಬ್ಬರಿಗೂ ಏಳು ಸರದಿ ಸಿಗುತ್ತದೆ. ಗುಂಪು ದೊಡ್ಡದಾದರೆ ಸೀನನ್ನು ಎರಡು ಮೇಜಿಗೆ ಒಡೆಯಿರಿ. ಒಡೆಯಲಾಗದಿದ್ದರೆ ಕಟ್ಟುನಿಟ್ಟಿನ ಸರದಿ ಬಿಟ್ಟು ಮೂರು ಪೋಸಿನ ನಿಯಮಕ್ಕೆ ಬನ್ನಿ. ನಿಮ್ಮ ಪೋಸಿನ ಮೇಲೆ ಬೇರೆ ಮೂವರದು ಬಂದರೆ ಸಾಕು, ನೀವು ಮತ್ತೆ ಬರೆಯಬಹುದು. ನಿಧಾನದ ಒಬ್ಬರಿಗಾಗಿ ಇಡೀ ಕೋಣೆ ಕಾಯುವುದು ತಪ್ಪುತ್ತದೆ. ಅರ್ಧ ಗೊಣಗಾಟಕ್ಕೆ ಇದೇ ಮದ್ದು, ಬೇರೆ ನೀತಿಪಾಠ ಬೇಡ.

ಈಗ ಸುವರ್ಣಯುಗದ ಮಾತು. ಇದನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು. 1990ರ ದಶಕದಲ್ಲಿ ಜನ ಸಜ್ಜನರಾಗಿದ್ದರು, ಕೆಟ್ಟಿದ್ದು ಆಮೇಲೆ ಎಂದು ನಂಬಿದವರು ಬಹಳ. ಆ ದಶಕದ ಅತ್ಯಂತ ಹೆಸರಾದ ಪಠ್ಯಲೋಕ ಯಾವುದು? ಲ್ಯಾಂಬ್ಡಾಮೂ. ಝೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ಪಾವೆಲ್ ಕರ್ಟಿಸ್ 1990ರಲ್ಲಿ ಶುರು ಮಾಡಿದ್ದು. ಕಟ್ಟುನಿಟ್ಟಿನ ರೋಲ್‌ಪ್ಲೇ ಆಟವಲ್ಲ, ಆದರೆ ನಮ್ಮೆಲ್ಲರ ಹಿರಿಯಣ್ಣ. ಜಗಳ ಬಗೆಹರಿಸಿ ಬಗೆಹರಿಸಿ ದಣಿದ ಕರ್ಟಿಸ್ 1992ರ ಡಿಸೆಂಬರಿನಲ್ಲಿ ಒಂದು ಪ್ರಕಟಣೆ ಹೊರಡಿಸಿದರು. ಇನ್ನು ಮುಂದೆ ವಿಜರ್ಡುಗಳು (ಅಲ್ಲಿನ ಆಡಳಿತಗಾರರು) ಯಂತ್ರ ನೋಡಿಕೊಳ್ಳುತ್ತಾರೆ ಅಷ್ಟೇ, ಸಾಮಾಜಿಕ ತಕರಾರು ನಿಮ್ಮದು ಎಂಬುದು ಅದರ ತಿರುಳು. ಸುಮಾರು ಮೂರು ತಿಂಗಳು ಕಳೆದಿತ್ತು ಅಷ್ಟೇ. 1993ರ ಮಾರ್ಚಿನಲ್ಲಿ ‘ಮಿಸ್ಟರ್ ಬಂಗಲ್’ ಎಂಬ ಹೆಸರಿನ ಒಬ್ಬ, ಮಾಟದ ಗೊಂಬೆಯಂಥ ಪುಟ್ಟ ಪ್ರೋಗ್ರಾಂ ಬಳಸಿ, ಕೋಣೆಯಲ್ಲಿದ್ದ ಬೇರೆಯವರ ಪಾತ್ರಗಳೇ ತಮ್ಮ ಮೇಲೆ ಹೀನ ಕೃತ್ಯ ಮಾಡಿಕೊಳ್ಳುತ್ತಿರುವಂತೆ ಸಾಲುಗಳನ್ನು ಹೊರಡಿಸಿದ. ಗಮನಿಸಿ, ಬರೆದವನು ಅವನು. ಓದಿದವರಿಗೆ ಕಂಡದ್ದು ಅವರ ಹೆಸರು. ಪಾತ್ರದ ಮೇಲಿನ ಹಕ್ಕನ್ನೇ ಕಿತ್ತುಕೊಂಡ ಕೆಲಸ ಅದು. ಹಾಗೆ ಗುರಿಯಾದ ಪಾತ್ರವೊಂದರ ಹಿಂದಿದ್ದ ಹೆಣ್ಣುಮಗಳೊಬ್ಬಳು ಪರದೆಯ ಮುಂದೆ ಕೂತು ಅತ್ತದ್ದು ದಾಖಲಾಗಿದೆ.

ಮುಂದೇನಾಯಿತು? ಸುಮಾರು 30 ಜನ ಆ ಪಠ್ಯಲೋಕದ ಒಂದು ಕೋಣೆಯಲ್ಲಿ ಸಭೆ ಸೇರಿದರು. ಅವನನ್ನು ‘ಕಪ್ಪೆ ಮಾಡಬೇಕೇ’ ಎಂಬುದು ಪ್ರಶ್ನೆ. ಕಪ್ಪೆ ಮಾಡುವುದು ಎಂದರೆ ಪಾತ್ರವನ್ನೇ ಅಳಿಸಿ ಹೊರಹಾಕುವುದು, ನಿಮಗೆ ಗೊತ್ತಿದೆ. ಗಂಟೆಗಟ್ಟಲೆ ಮಾತಾಯಿತು, ತೀರ್ಮಾನವಾಗಲಿಲ್ಲ. ತೀರ್ಮಾನ ಮಾಡುವ ಅಧಿಕಾರ ಯಾರಿಗಿದೆ ಎಂಬುದೇ ಆ ಕೋಣೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಸಭೆ ಚದುರಿದ ಮೇಲೆ ಒಬ್ಬ ವಿಜರ್ಡ್ ತಾನೊಬ್ಬನೇ ಕೂತು ಯೋಚಿಸಿ ಅವನ ಪಾತ್ರವನ್ನು ಅಳಿಸಿಬಿಟ್ಟ. ಊರಿಗೆ ಮರಳಿದ ಕರ್ಟಿಸ್ ಮನವಿ ಮತ್ತು ಮತದಾನದ ವ್ಯವಸ್ಥೆ ತಂದರು. ಜೂಲಿಯನ್ ಡಿಬೆಲ್ 1993ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ‘ವಿಲೇಜ್ ವಾಯ್ಸ್’ ಪತ್ರಿಕೆಯಲ್ಲಿ ಬರೆದ ಮೇಲೆ ಇದು ಲೋಕಕ್ಕೆ ತಿಳಿಯಿತು. ಕೊನೆಗೆ 1996ರಲ್ಲಿ, ಯಂತ್ರದ ನಿರ್ಧಾರವನ್ನೂ ಸಮಾಜದ ನಿರ್ಧಾರವನ್ನೂ ಬೇರೆ ಮಾಡಲಾಗದು ಎಂದು ಒಪ್ಪಿ ವಿಜರ್ಡುಗಳು ಮತ್ತೆ ಮಧ್ಯೆ ಬಂದರು.

ನಾವು ಹಳಹಳಿಸುವ ಯುಗದ ಹೃದಯಭಾಗವೇ ಇದು. ಆಗಲೂ ಕೇಡು ಇತ್ತು, ಸ್ಟಾಫಿನ ದಣಿವು ಇತ್ತು, ಮುಗಿಯದ ಸಭೆ ಇತ್ತು. ನೆನಪಿನ ಲಾಗಿನಿಂದ ಅದನ್ನು ತೆಗೆದುಬಿಟ್ಟಿದ್ದೇವೆ.

ಇನ್ನೊಂದು ಮಾತು ನಾವು, ಕನ್ನಡದವರು, ಮರೆಯಬಾರದು. ಆ ಕಾಲದ ಬಹುಪಾಲು ಸರ್ವರುಗಳಿಗೆ ಇಂಗ್ಲಿಷಿನ ಆಸ್ಕಿ ಅಕ್ಷರ ಬಿಟ್ಟು ಬೇರೆ ತಿಳಿಯುತ್ತಿರಲಿಲ್ಲ. ಕನ್ನಡದ ಒಂದು ‘ಅ’ ಕೂಡ ಅಲ್ಲಿ ಕೂರುತ್ತಿರಲಿಲ್ಲ. ಇಂದು ಪೈಥಾನಿನಲ್ಲಿ ಬರೆದ ಎವೆನ್ನಿಯಾದಂಥ ಚೌಕಟ್ಟಿನಲ್ಲಿ ಎಲ್ಲ ಲಿಪಿಗಳಿಗೂ ಜಾಗವಿರುವ ಯುಟಿಎಫ್-8 ಸಂಕೇತಕ್ರಮ ಇದೆ, ಪೋಸನ್ನು ಕನ್ನಡದಲ್ಲೇ ಹಾಕಬಹುದು. ಒಂದು ಎಚ್ಚರಿಕೆ: ನಮ್ಮ ಪ್ರತಿ ಸಂಕೇತಕ್ಕೂ ಮೂರು ಬೈಟು ಬೇಕು. ‘ಕ್ಷಾ’ ಎಂದು ಬರೆದರೆ ಕ, ವಿರಾಮ, ಷ, ದೀರ್ಘ ಸೇರಿ 12 ಬೈಟು. ಸಾಲಿನ ಮಿತಿಯನ್ನು ಬೈಟಿನಲ್ಲಿ ಎಣಿಸುವ ಸರ್ವರಿನಲ್ಲಿ ಉದ್ದದ ಪೋಸು ಅಕ್ಷರದ ನಡುವೆಯೇ ತುಂಡಾಗುತ್ತದೆ. ಮೊದಲೇ ಅಳೆದು ನೋಡಿ.

ಯಕ್ಷಗಾನದ ಮಾತಿನ ಕೂಟವಾದ ತಾಳಮದ್ದಳೆ ಬಲ್ಲವರಿಗೆ ಈ ಹಳಹಳಿಕೆ ಹೊಸದಲ್ಲ. ವೇಷವಿಲ್ಲ, ಕುಣಿತವಿಲ್ಲ, ಪ್ರಸಂಗ ಎಲ್ಲರಿಗೂ ಗೊತ್ತು, ಮಾತನ್ನು ಅಲ್ಲೇ ಹುಟ್ಟಿಸಬೇಕು. ನಮ್ಮ ಪೋಸಿಗೆ ಇದಕ್ಕಿಂತ ಹತ್ತಿರದ ನೆಂಟ ಬೇರೆ ಇಲ್ಲ. ಅಲ್ಲೂ ಹೆಸರಾದ ಹಳೆಯ ಅರ್ಥಧಾರಿಗಳನ್ನು ನೆನೆದು ‘ಶೇಣಿ, ಸಾಮಗರ ಕಾಲದ ಅರ್ಥ ಎಲ್ಲಿ, ಇಂದಿನದೆಲ್ಲಿ’ ಎನ್ನುವುದುಂಟು. ಆದರೆ ಆ ಮಾತಾಡುವ ರಸಿಕರು ಯಾವ ಪ್ರಸಂಗ, ಯಾವ ಪಾತ್ರ, ಎದುರಾಳಿಗೆ ಕೊಟ್ಟ ಉತ್ತರ ಯಾವುದು ಎಂದೂ ಹೇಳಬಲ್ಲರು. ನಾನು ಕೇಳುತ್ತಿರುವ ಪ್ರಶ್ನೆಯೂ ಅದೇ ತಾನೆ: ಯಾವ ವರ್ಷ, ಯಾವ ಸೀನು, ಎಷ್ಟು ಜನ?

ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ 1978ರಲ್ಲಿ ಆರಂಭಿಸಿದ ಮೊದಲ ಮಡ್ಡಿಗೆ ಹೆಗಲು ಕೊಟ್ಟ ರಿಚರ್ಡ್ ಬಾರ್ಟಲ್ 2004ರಲ್ಲಿ ಒಂದು ಮಾತು ಹೇಳಿದರು. ಆಟಗಾರರು ಪ್ರತಿ ಹೊಸ ಲೋಕವನ್ನೂ ತಾವು ಮೊದಲು ಕಾಲಿಟ್ಟ ಲೋಕದ ಕನ್ನಡಿಯಲ್ಲೇ ನೋಡುತ್ತಾರೆ ಎಂಬುದು ಅದರ ಸಾರ. ಹಾಗಿದ್ದರೆ ಇಂದು ನಿಮ್ಮ ಆಟಕ್ಕೆ ಬರುವ ಹೊಸಬರಿಗೆ ಮುಂದಿನ 20 ವರ್ಷದ ಅಳತೆಗೋಲು ನಿಮ್ಮ ಆಟವೇ. ಅವರಿಗೆ ಮೊದಲು ಕಾಣುವುದೇನು? ಯಾರಿದ್ದಾರೆ ಎಂದು ತೋರಿಸುವ ‘ಹೂ’ (who) ಆಜ್ಞೆ ಕೊಡುತ್ತಾರೆ, 40 ಹೆಸರು ಬರುತ್ತದೆ, ಎಷ್ಟು ಹೊತ್ತು ಸುಮ್ಮನಿದ್ದಾರೆ ಎಂದು ಹೇಳುವ ಐಡಲ್ ಕಾಲಂ ನೋಡಿದರೆ 30 ಜನ ಗಂಟೆಗಟ್ಟಲೆ ಅಲ್ಲಾಡಿಲ್ಲ. ಪಬ್ಲಿಕ್ ಚಾನೆಲ್ಲಿನಲ್ಲಿ ಇಬ್ಬರು ಹಳಬರು ಐದು ವರ್ಷ ಹಿಂದಿನ ಸ್ಟಾಫನ್ನು ಬೈಯುತ್ತಿದ್ದಾರೆ. ಪಾತ್ರದ ಅರ್ಜಿ ಒಪ್ಪಿಗೆಯಾಗಲು ಒಂದು ವಾರ. ಹೊಸಬರು ಹೋಗಿಬಿಡುತ್ತಾರೆ, ಹೋಗುವಾಗ ಯಾರಿಗೂ ಹೇಳುವುದೂ ಇಲ್ಲ. ಅರ್ಜಿಯನ್ನು ಎರಡು ದಿನದಲ್ಲಿ ನೋಡಿ. ಆಗದಿದ್ದರೆ ಸಿದ್ಧ ಪಾತ್ರ ಒಂದಷ್ಟು ಇಟ್ಟುಕೊಳ್ಳಿ, ಅದೇ ದಿನ ಒಂದು ಚಿಕ್ಕ ಸೀನಿಗೆ ಕೂರಿಸಿ. ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಅಲ್ಲಾಡದವರನ್ನು ಪಟ್ಟಿಯಲ್ಲಿ ಕೆಳಗೆ ತಳ್ಳಿ.

ಬೈಗುಳಕ್ಕೆಂದೇ ಪ್ರತ್ಯೇಕ ಚಾನೆಲ್ ತೆರೆಯುವ ರೂಢಿ ಬಂದಿದೆ. ಡಿಸ್ಕಾರ್ಡಿಗೆ ಹೋದ ಮೇಲೆ ಇನ್ನೂ ಹೆಚ್ಚಾಗಿದೆ, ಚಾನೆಲ್ ತೆರೆಯುವುದು ಅಷ್ಟು ಸುಲಭ. ದಯವಿಟ್ಟು ಬೇಡ. ಸಿಟ್ಟು ಹೊರಹಾಕಿದರೆ ಇಳಿಯುತ್ತದೆ ಎಂಬುದು ನಂಬಿಕೆ ಮಾತ್ರ. ಬ್ರಾಡ್ ಬುಷ್‌ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೆಣಕಿದವನನ್ನು ನೆನೆಯುತ್ತಾ ಪಂಚಿಂಗ್ ಬ್ಯಾಗಿಗೆ ಗುದ್ದಿದವರ ಸಿಟ್ಟು ಸುಮ್ಮನೆ ಕೂತವರಿಗಿಂತ ಹೆಚ್ಚೇ ಇತ್ತು. ಆ ಚಾನೆಲ್ಲಿಗೆ ಸುಖವಾಗಿ ಆಡುತ್ತಿರುವವರು ಬರುವುದಿಲ್ಲ, ಉಳಿಯುವವರು ಕಹಿಯಾದವರು ಮಾತ್ರ. ಒಬ್ಬರ ಕಹಿಗೆ ಇನ್ನೊಬ್ಬರು ಸಾಕ್ಷಿ.

ಬದಲಿಗೆ ದೂರಿಗೆ ದಾರಿ ಮಾಡಿ. ದೂರು ಬಂದ 24 ಗಂಟೆಯೊಳಗೆ ‘ತಲುಪಿದೆ’ ಎಂಬ ಒಂದು ಸಾಲು ಹೋಗಲಿ. ದೂರಿನ ಜೊತೆ ಕಚ್ಚಾ ಲಾಗು ಕೇಳಿ, ಸಮಯ ಮುದ್ರೆ ಸಮೇತ. ಆರಿಸಿ ಕತ್ತರಿಸಿದ ಸ್ಕ್ರೀನ್‌ಶಾಟ್ ಬೇಡ. ಇಬ್ಬರು ನೋಡಲಿ, ಅವರಲ್ಲಿ ಯಾರ ಪಾತ್ರವೂ ಆ ಸೀನಿನಲ್ಲಿ ಇದ್ದಿರಬಾರದು. ವಾರದೊಳಗೆ ತೀರ್ಮಾನ ಮಾಡಿ, ಹೆಸರು ಬಿಟ್ಟು ಕಾರಣವನ್ನಷ್ಟೇ ಪ್ರಕಟಿಸಿ. ಈ ಕೊನೆಯದನ್ನು ಹೆಚ್ಚಿನ ಸ್ಟಾಫ್ ಬಿಟ್ಟುಬಿಡುತ್ತಾರೆ, ಎಡವಟ್ಟು ಆಗುವುದೂ ಅಲ್ಲೇ. ಏನೂ ಹೇಳದಿದ್ದರೆ ಏನೂ ಮಾಡಿಲ್ಲ ಎಂದೇ ಜನ ತಿಳಿಯುತ್ತಾರೆ. ಮುಂದಿನ ದೂರು ನಿಮ್ಮ ಹತ್ತಿರ ಬರುವುದಿಲ್ಲ, ಚಾನೆಲ್ಲಿಗೆ ಹೋಗುತ್ತದೆ.

ಸಮಯ ಮುಗಿಯುತ್ತಿದೆ ಎಂದು ಚೀಟಿ ಬಂದಿದೆ. ಸ್ಟಾಫಿನ ದಣಿವಿನ ಬಗ್ಗೆ ಒಂದೇ ಮಾತು: ಆರು ತಿಂಗಳ ಅವಧಿ ಇಡಿ, ಅವಧಿ ಮುಗಿದ ಮೇಲೆ ಒಂದು ತಿಂಗಳು ಬರೀ ಆಟಗಾರರಾಗಿರಲಿ.

ಆಟ ಮುಚ್ಚುವ ಸಂದರ್ಭದ ಮಾತು ಇನ್ನೂ ಉಳಿದಿದೆ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಜಿಮ್ ಆಸ್ಪ್‌ನೆಸ್ 1989ರಲ್ಲಿ ತೆರೆದ ಟೈನಿಮಡ್ 1990ರ ಏಪ್ರಿಲಿಗೆ ಮುಚ್ಚಿತು. ವರ್ಷವೂ ತುಂಬಿರಲಿಲ್ಲ. ಆದರೆ ಅದರ ದತ್ತಾಂಶ ಉಳಿದಿತ್ತು, ಅದನ್ನು ವರ್ಷಕ್ಕೊಂದು ದಿನ ಮತ್ತೆ ತೆರೆಯುವ ರೂಢಿ ಬೆಳೆಯಿತು. ಹಳಬರು ಬಂದು ತಾವು ಕಟ್ಟಿದ ಕೋಣೆಗಳಲ್ಲಿ ಓಡಾಡಿ ಹೋಗುತ್ತಿದ್ದರು. ಹಳಹಳಿಕೆಗೆ ಇಷ್ಟು ಒಳ್ಳೆಯ ಜಾಗ ಬೇರೆ ಯಾರೂ ಮಾಡಿಕೊಟ್ಟಿಲ್ಲ. ನಿಮ್ಮ ಆಟ ಮುಚ್ಚುವುದಾದರೆ 30 ದಿನ ಮೊದಲೇ ತಿಳಿಸಿ. ದತ್ತಾಂಶದ ಕಡತವನ್ನು ಎರಡು ಕಡೆ ಇಡಿ, ಜೊತೆಗೆ ಸರ್ವರಿನ ಅದೇ ಆವೃತ್ತಿಯ ಮೂಲಸಂಕೇತವೂ ಇರಲಿ. ಅದಿಲ್ಲದಿದ್ದರೆ ಕಡತ ಮುಂದೆ ತೆರೆಯುವುದೇ ಇಲ್ಲ. ಲಾಗು ಇಡುವ ಮೊದಲು ಆಡಿದವರ ಒಪ್ಪಿಗೆ ಕೇಳಿ, ಕಾಯುವಿಕೆ ಕಾಣುವಂತೆ ಸಮಯ ಮುದ್ರೆಯನ್ನು ಹಾಗೇ ಬಿಡಿ. ಆದರೆ ಖಾಸಗಿ ಪೇಜುಗಳನ್ನು, ನಕಲು ಮಾಡುವ ಮೊದಲೇ, ಅಳಿಸಿ.