ಒಂದು ಮನೆ, ಎರಡು ಒಲೆ

ಕೇಳುಗರೆಲ್ಲರಿಗೂ ನಮಸ್ಕಾರ.

ಜನಗಣತಿಯವರ ಲೆಕ್ಕದಲ್ಲಿ ಕುಟುಂಬ ಅಂದರೆ ರಕ್ತಸಂಬಂಧವಲ್ಲ, ಅಡುಗೆಮನೆ. ಒಟ್ಟಿಗೆ ವಾಸವಿದ್ದು, ಒಂದೇ ಅಡುಗೆಮನೆಯಲ್ಲಿ ಬೇಯಿಸಿದ್ದನ್ನು ಉಣ್ಣುವವರು ಒಂದು ಕುಟುಂಬ. ಅಷ್ಟೇ.

ಮಂಡ್ಯ ಕಡೆಯ ಒಂದು ತೊಟ್ಟಿಮನೆಯನ್ನೇ ತಗೊಳ್ಳಿ. ಅಣ್ಣ ತಮ್ಮ ಇಬ್ಬರೂ ಅಲ್ಲೇ ಇದ್ದಾರೆ. ಮುಂಬಾಗಿಲು ಒಂದೇ, ದೇವರಮನೆ ಒಂದೇ, ಪಹಣಿ ಇನ್ನೂ ಅಪ್ಪನ ಹೆಸರಲ್ಲೇ ಇದೆ. ತಮ್ಮನ ಮದುವೆಯಾದ ಮೇಲೆ ಹಿಂದಿನ ಪಡಸಾಲೆಗೆ ಒಂದು ಅಡ್ಡಗೋಡೆ ಬಂತು, ಗ್ಯಾಸ್ ಸ್ಟೌವ್ ಬಂತು. ಈ ಕಡೆ ಬಸ್ಸಾರು ಮಾಡಿದರೆ ಒಂದು ಬಟ್ಟಲು ಆ ಕಡೆಗೂ ಹೋಗುತ್ತದೆ. ಊರವರು ‘ಒಲೆ ಬೇರೆ ಆಗಿದೆ, ಮನೆ ಇನ್ನೂ ಪಾಲಾಗಿಲ್ಲ’ ಅಂತಾರೆ. ಗಣತಿಯವರು ಮಾತ್ರ ಎರಡು ಕುಟುಂಬ ಅಂತ ಬರೆದುಕೊಂಡು ಹೋಗುತ್ತಾರೆ.

ಕೂಡುಕುಟುಂಬ ಒಡೆದುಹೋಯ್ತು ಅಂತ ನಾವು ಸ್ವಲ್ಪ ಜಾಸ್ತಿನೇ ಕೊರಗುತ್ತೇವೆ. 2011ರಲ್ಲಿ ಕರ್ನಾಟಕದ ಜನಸಂಖ್ಯೆ 6 ಕೋಟಿ 11 ಲಕ್ಷ. ಕುಟುಂಬಗಳು 1 ಕೋಟಿ 30 ಲಕ್ಷಕ್ಕೂ ಹೆಚ್ಚು. ಕುಟುಂಬಕ್ಕೆ ಸುಮಾರು ನಾಲ್ಕೂವರೆ ಜನ ಆಯ್ತು. ಅದಕ್ಕೂ ಹತ್ತು ವರ್ಷ ಹಿಂದೆ ಐದು ಇತ್ತು. ಕುಗ್ಗಿದ್ದು ನಿಜ. ಆದರೆ ಅದಕ್ಕೆಲ್ಲ ಅಣ್ಣತಮ್ಮಂದಿರ ಜಗಳವೇ ಕಾರಣವಲ್ಲ, ಮಕ್ಕಳೇ ಕಡಿಮೆಯಾಗಿದ್ದಾರೆ. 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಗು. ಇರೋನೊಬ್ಬನೇ ಮಗನಾದರೆ ಪಾಲು ಕೇಳೋಕೆ ಇನ್ನೊಬ್ಬ ಎಲ್ಲಿದ್ದಾನೆ?

ಹಿಂದೆ ನಲವತ್ತು ಜನ ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದ ಮನೆಗಳಿದ್ದವು, ಇಲ್ಲ ಅನ್ನೋದಿಲ್ಲ. ಆದರೆ ಅವು ಜಮೀನಿದ್ದವರ ಮನೆಗಳು. ಕೂಲಿ ಮಾಡುವವರ ಗುಡಿಸಲಿನಲ್ಲಿ ನಲವತ್ತು ಜನಕ್ಕೆ ಜಾಗವೂ ಇರಲಿಲ್ಲ, ಅಕ್ಕಿಯೂ ಇರಲಿಲ್ಲ. ನೆನಪಲ್ಲಿ ಉಳಿದದ್ದು ದೊಡ್ಡ ಮನೆ ಮಾತ್ರ.

ಇನ್ನು ಕೆಲವು ಕಡೆ ಒಲೆಯ ಲೆಕ್ಕವೇ ಸಾಲದು. ಕೊಡಗಿನಲ್ಲಿ ಒಂದೇ ಒಕ್ಕದವರು, ಅಂದರೆ ಒಂದೇ ಮನೆತನದವರು, ಎಲ್ಲೆಲ್ಲೋ ನೌಕರಿಯಲ್ಲಿರುತ್ತಾರೆ, ಸುಗ್ಗಿ ಹಬ್ಬ ಪುತ್ತರಿ ಬಂತೆಂದರೆ ಮನೆತನದ ಮೂಲಮನೆಯಾದ ಐನ್‌ಮನೆಯಲ್ಲಿ ಸೇರುತ್ತಾರೆ. ತುಳುನಾಡಿನ ಅಳಿಯಸಂತಾನದಲ್ಲಂತೂ ಕುಟುಂಬ ತಾಯಿಯ ಕಡೆಯಿಂದ. ಗಂಡ ಒಂದು ಕುಟುಂಬದವನು, ಹೆಂಡತಿ ಮಕ್ಕಳು ಇನ್ನೊಂದು ಕುಟುಂಬದವರು, ಉಣ್ಣುವುದು ಮಾತ್ರ ಒಂದೇ ಮನೆಯಲ್ಲಿ. ಕುಟುಂಬದ ಮನೆಯಲ್ಲಿ ದೈವದ ನೇಮ ನಡೆದಾಗ ಯಾರು ಯಾವ ಮನೆಗೆ ಸೇರಿದವರು ಅಂತ ಗೊತ್ತಾಗುತ್ತದೆ.

ಯಾದಗಿರಿ, ಕಲಬುರಗಿ ಕಡೆಯ ಕಥೆ ಬೇರೆ. ಗಂಡ ಹೆಂಡತಿ ಇಬ್ಬರೂ ಬೆಂಗಳೂರಿಗೆ ಗುಳೆ ಹೋಗುತ್ತಾರೆ, ಕಟ್ಟಡದ ಕೆಲಸಕ್ಕೆ. ಊರಲ್ಲಿ ಅಜ್ಜಿ, ಮೊಮ್ಮಕ್ಕಳು. ಶಿರಸಿಯ ಅಡಿಕೆ ತೋಟದ ಮನೆಯಲ್ಲಿ ಮೊಮ್ಮಕ್ಕಳೂ ಇಲ್ಲ, ಇಬ್ಬರು ಮುದುಕರು ಮಾತ್ರ. ಇವನ್ನೆಲ್ಲ ಸುಮ್ನೆ ‘ಚಿಕ್ಕ ಕುಟುಂಬ’ ಅಂದರೆ ಏನೂ ಹೇಳಿದಂತಾಗಲಿಲ್ಲ.

ಸರ್ಕಾರದ ಬೇರೆ ಕಚೇರಿಗಳ ಲೆಕ್ಕ ಇನ್ನೂ ಬೇರೆ. ಅವಿಭಕ್ತ ಹಿಂದೂ ಕುಟುಂಬಕ್ಕೆ ಅಂತಲೇ ಪ್ಯಾನ್ ಕಾರ್ಡು ಉಂಟು. ಒಲೆ ಎಷ್ಟು ಅಂತ ಆದಾಯ ತೆರಿಗೆಯವರು ಕೇಳುವುದಿಲ್ಲ. ರೇಷನ್ ಕಾರ್ಡಿನಲ್ಲಿ, 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ, 18 ತುಂಬಿದವರಲ್ಲಿ ಹಿರಿಯ ಹೆಂಗಸೇ ಯಜಮಾನಿ. 2023ರಲ್ಲಿ ಗೃಹಲಕ್ಷ್ಮಿ ಬಂದು ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಅಂದಾಗ ಕಾರ್ಡಿನ ಆ ಒಂದು ಸಾಲಿಗೆ ಎಲ್ಲಿಲ್ಲದ ಬೆಲೆ ಬಂತು. ಅತ್ತೆ ಸೊಸೆ ಇಬ್ಬರಿದ್ದರೆ ದುಡ್ಡು ಅತ್ತೆಗೆ. ಒಲೆ ಒಂದೇ ಇದ್ದರೂ ಕಾರ್ಡು ಬೇರೆ ಮಾಡಿಸೋಣ ಅಂತ ಸೊಸೆಗೆ ಅನ್ನಿಸಿದರೆ ನಾನು ತಪ್ಪು ಅನ್ನಲಾರೆ. ಅವಳಿಗೂ ಕೈಖರ್ಚು ಇರುತ್ತೆ, ಅಲ್ವಾ?

ಕೊನೆಗೆ ಒಂದು ಮಾತು, 2027ರ ಗಣತಿಗಾಗಿ. ಮಕ್ಕಳೆಲ್ಲ ಬೇರೆಯಾದ ಮನೆಗಳಲ್ಲಿ ಅವ್ವನ ಊಟಕ್ಕೆ ಸರದಿ ಇರುತ್ತದೆ. ಒಂದು ತಿಂಗಳು ದೊಡ್ಡವನ ಮನೆ, ಇನ್ನೊಂದು ತಿಂಗಳು ಚಿಕ್ಕವನ ಮನೆ. ಗಣತಿ ನಡೆಯುವಾಗಲೇ ಸರದಿ ಬದಲಾದರೆ, ‘ಇವರನ್ನು ಅಲ್ಲಿ ಬರೆದುಕೊಂಡಾಗಿದೆ’ ಅಂತ ಎರಡನೇ ಮನೆಯವರು ಹೇಳಿಬಿಡಿ. ಇಲ್ಲದಿದ್ದರೆ ಅವ್ವ ಎರಡು ಕಡೆ ಲೆಕ್ಕಕ್ಕೆ ಬರುತ್ತಾರೆ. ಅಥವಾ ‘ಅವರು ಬರೆಸಿರ್ತಾರೆ ಬಿಡು’ ಅಂತ ಇಬ್ಬರೂ ಅಂದುಕೊಂಡು, ಎಲ್ಲೂ ಬರುವುದಿಲ್ಲ.

ನಮಸ್ಕಾರ.